ನಿಮ್ಮ ಮಗ ಅಂತ ಗೊತ್ತಿರಲಿಲ್ಲ

ಎದುರು ಮನೆಯ ಮುಂದೆ ಪೊಲೀಸ್ ಕಾರು ನಿಂತಿತ್ತು. ಅದರ ಪಕ್ಕದಲ್ಲಿ ನನ್ನ ಒಂಬತ್ತು ವರ್ಷದ ಮಗ ಕಿರಣ್ ಎರಡೂ ಕೈ ಮೇಲೆತ್ತಿಕೊಂಡು ನಿಂತಿದ್ದ. ಎತ್ತು ಎಂದು ಯಾರೂ ಹೇಳಿರಲಿಲ್ಲವಂತೆ. ತಾನಾಗಿಯೇ ಎತ್ತಿದ್ದ.

ನಾನು ಧಾರವಾಡದವಳು. ಗಂಡ ಟೆರೆನ್ಸ್ ನ್ಯೂವಾರ್ಕಿನ ಕಪ್ಪು ಅಮೆರಿಕನ್. ಮಕ್ಕಳಿಬ್ಬರಿಗೂ ಅಪ್ಪನ ಬಣ್ಣ, ಅಪ್ಪನ ಗುಂಗುರು ಕೂದಲು. ಅಮೆರಿಕದ ಕ್ರ್ಯಾನ್‌ಬರಿ ಊರಿನ ಹತ್ತಿರದ ನಮ್ಮ ಬೀದಿಯಲ್ಲಿ ಅರ್ಧದಷ್ಟು ಮನೆಗಳು ಭಾರತೀಯರವೇ. ಧಾರವಾಡದಲ್ಲಿ ನಾವು ಚಿಕ್ಕವರಿದ್ದಾಗ ಚೆಂಡು ಬಿದ್ದಲ್ಲೆಲ್ಲ ನುಗ್ಗಿ, ಬೈಸಿಕೊಂಡು ಓಡಿಬರುತ್ತಿದ್ದೆವು. ಇಲ್ಲಿ ಕಿರಣ್ ಷಟಲ್ ಕಾಕ್ ಹುಡುಕುತ್ತ ಎದುರು ಮನೆಯ ಬ್ಯಾಕ್‌ಯಾರ್ಡಿಗೆ, ಅಂದರೆ ಹಿತ್ತಿಲಿಗೆ, ಕಾಲಿಟ್ಟಿದ್ದ. ಆ ಮನೆಗೆ ಹೊಸದಾಗಿ ಬಂದವರು ಪೊಲೀಸರಿಗೆ ಫೋನ್ ಮಾಡಿದ್ದರು.

“ಇವನು ನನ್ನ ಮಗ,” ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅಧಿಕಾರಿ ನನ್ನ ಮುಖ ನೋಡಿದ, ಅವನ ಮುಖ ನೋಡಿದ, ಮತ್ತೆ ನನ್ನದನ್ನು ನೋಡಿದ. ನನ್ನ ಗುರುತಿನ ಚೀಟಿ ಕೇಳಿ ನೋಡಿ, ಸೌಜನ್ಯದಿಂದಲೇ ಹೊರಟುಹೋದ.

“ಕೈ ಇಳಸೋ ರಾಜಾ, ಅಂವ ಹೋದ,” ಎಂದು ನಾನು ಮಗನನ್ನು ಅಪ್ಪಿಕೊಳ್ಳುವಾಗ ಎದುರು ಮನೆಯಾಕೆ ಶುಭಾ ಗಾಬರಿಯಿಂದ ಹೊರಬಂದಳು.

“ಅಯ್ಯೋ, ಕನ್ನಡದೋರಾ? ಸಾರಿ ಕಣ್ರೀ, ನಿಮ್ಮ ಮಗ ಅಂತ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಖಂಡಿತ ಕಾಲ್ ಮಾಡ್ತಿರ್ಲಿಲ್ಲ.”

“ಯಾರ ಮಗ ಆದ್ರೇನ್ರೀ? ಒಂಬತ್ತು ವರ್ಷದ ಹುಡುಗ ಅಂವ.”

“ನೋಡೋಕೆ ದೊಡ್ಡವನ ಥರ…” ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಸಂಜೆ ಡಬ್ಬಿಯಲ್ಲಿ ಕೇಸರಿಬಾತ್ ತಂದಳು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಏಳು ವರ್ಷಗಳಲ್ಲಿ ಈ ಬೀದಿಯಲ್ಲಿ ನನ್ನ ಜೊತೆ ಕನ್ನಡ ಮಾತಾಡಿದ ಮೊದಲ ಹೆಂಗಸು ಅವಳು. ಐದು ವರ್ಷದ ಮಗಳು ಮಾಯಾ ಚಪ್ಪರಿಸಿ ತಿಂದಳು. ನಾನು ಮುಟ್ಟದೆ ಡಬ್ಬಿ ತೊಳೆದಿಟ್ಟೆ.

“ಕೈ ಎತ್ತುವುದನ್ನು ಕಲಿಸಿದ್ದು ನೀನಾ?” ಎಂದು ಟೆರೆನ್ಸ್‌ನನ್ನು ಕೇಳಿದೆ. ಕಪ್ಪು ಹುಡುಗರ ಮೇಲೆ ಪೊಲೀಸರು ಗುಂಡು ಹಾರಿಸುವುದನ್ನೆಲ್ಲ ಕಿರಣ್‌ನ ಕಿವಿಗೆ ಹಾಕಬೇಡ, ಇನ್ನೂ ಮಗು, ಎಂದು ಎಷ್ಟೋ ಸಲ ಜಗಳವಾಡಿದ್ದೆ.

“ಹೌದು. ನನ್ನಮ್ಮ ನನಗೆ ಏಳು ವರ್ಷಕ್ಕೇ ಕಲಿಸಿದ್ದಳು. ನೀನು ಬೇಡ ಅಂದೆ ಅಂತ ಎರಡು ವರ್ಷ ತಡ ಮಾಡಿದೆ,” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಅಂಜದೆ ಬೆಳೆದವಳು. ಅಂಜಿಕೆಯನ್ನು ಮಕ್ಕಳಿಗೆ ಹೇಗೆ ಕಲಿಸಬೇಕೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ.

ಊರಿಗೆ ಫೋನ್ ಮಾಡಿದಾಗ ಅವ್ವ ಅತ್ತಳು. “ಎಂಥಾ ದೇಶ ಅದು! ಮಕ್ಕಳನ್ನ ಕರಕೊಂಡು ಇಲ್ಲೇ ಬಂದುಬಿಡವ್ವಾ.”

“ನೋಡ್ತೀನವ್ವಾ,” ಎಂದೆ. ಹೋದ ಬೇಸಿಗೆಯಲ್ಲಿ ಧಾರವಾಡದ ಮಾರ್ಕೆಟ್ಟಿನಲ್ಲಿ ಜನ ಸುತ್ತ ನಿಂತು ಕಿರಣ್‌ನ ಕೂದಲು ಮುಟ್ಟಿ ನೋಡಿದ್ದನ್ನು, ಕೇಳದೆ ಫೋಟೊ ತೆಗೆದದ್ದನ್ನು ಅವಳಿಗೆ ಹೇಳಿಲ್ಲ. ಅವತ್ತು ಅವನು ನನ್ನ ಸೆರಗು ಜಗ್ಗಿ, “ಅಮ್ಮಾ, ಕ್ಯಾನ್ ವಿ ಗೋ ಹೋಮ್?” ಎಂದಿದ್ದ. ಅಜ್ಜಿಯ ಮನೆ ಎಂದುಕೊಂಡು ಆಟೊ ಕರೆದೆ. ಅವನು ಹೇಳಿದ್ದು ಅಮೆರಿಕದ ಈ ಬೀದಿಯ ಮನೆಯನ್ನು.

ಮರುದಿನ ಕಿರಣ್ ಸೈಕಲ್ ಹಿಡಿದು ಗರಾಜಿನ ಬಾಗಿಲಲ್ಲೇ ನಿಂತಿದ್ದ. “ಹೋಗು,” ಎಂದೆ. ನಾನೂ ಕುರ್ಚಿ ಎಳೆದುಕೊಂಡು ಬೀದಿಗೆ ಕಾಣುವಂತೆ ಕುಳಿತೆ. ಅವನು ಸುತ್ತು ಹಾಕಿ ಬಂದಾಗಲೆಲ್ಲ, “ಹುಷಾರೋ ಮಗನೇ!” ಎಂದು ಎದುರು ಮನೆಯವರೆಗೂ ಕೇಳುವಂತೆ ಗಟ್ಟಿಯಾಗಿ ಕೂಗಿದೆ.

ಮೂರನೆಯ ಸುತ್ತಿಗೆ ಅವನು ಬ್ರೇಕ್ ಹಾಕಿದ. “ಅಮ್ಮಾ, ಸ್ಟಾಪ್. ಎವ್ರಿಬಡಿ ಈಸ್ ಲುಕಿಂಗ್.”

“ನೋಡ್ಲಿ,” ಎಂದೆ.