ಮೈನಸ್ ಮಳೆ

ನಾದಿನಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇಕೆ? ಅವಳು ಕಳಸದ ಕಡೆಗೆ ಮದುವೆಯಾಗಿ ಹೋದವಳು, ನಾನು ಬಣಕಲ್ ಹತ್ತಿರದ ಈ ತೋಟಕ್ಕೆ ಬಂದವಳು. ಇಬ್ಬರೂ ಮನೆಯಿಂದಲೇ ಕೋಡ್ ಬರೆಯುತ್ತೇವೆ. ಬಿಡುವಿನಲ್ಲಿ ಇಬ್ಬರೂ ಕೈ ಹಾಕಿದ್ದು ಮಳೆಯ ಲೆಕ್ಕ ಇಡುವ, ಯಾರು ಬೇಕಾದರೂ ತಿದ್ದಬಹುದಾದ ಒಂದು ಓಪನ್ ಸೋರ್ಸ್ ತಂತ್ರಾಂಶಕ್ಕೆ. ಅದನ್ನು ಅವಳಿಗೆ ತೋರಿಸಿಕೊಟ್ಟವಳೇ ನಾನು.

ಅದನ್ನು ನೋಡಿಕೊಳ್ಳುವವರು ನಾವು ಮುಖ ಕಾಣದ ಒಬ್ಬ ಹಿರಿಯರು. ತಮ್ಮ ಜೊತೆಗೆ ಇನ್ನೊಬ್ಬರನ್ನು ಮೇಂಟೇನರ್ ಮಾಡುತ್ತೇನೆಂದರು. ಆ ಜಾಗ ನನಗೆ ಬೇಕಿತ್ತು. ಆಗಷ್ಟೇ, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಹೊಸ ಕಂಪೈಲರ್ ಬಂದು, ರಾಶಿ ರಾಶಿ ಎಚ್ಚರಿಕೆ ಕೊಡತೊಡಗಿತ್ತು: ದೊಡ್ಡ ಪೂರ್ಣಾಂಕವನ್ನು ಸಣ್ಣ ಜಾಗಕ್ಕೆ ತುಂಬುತ್ತಿದ್ದೀರಿ, ಸಂಖ್ಯೆ ಕೆಡಬಹುದು ಎಂದು. ನಾನು ಒಂದೇ ದಿನದಲ್ಲಿ ಎಲ್ಲದಕ್ಕೂ ಕಾಸ್ಟ್ ಹಾಕಿದೆ. ಕಾಸ್ಟ್ ಎಂದರೆ ‘ನನಗೆ ಗೊತ್ತು, ನೀನು ಸುಮ್ಮನಿರು’ ಎಂದು ಕಂಪೈಲರಿಗೆ ಹೇಳಿದ ಹಾಗೆ. ಒಂದೂ ಎಚ್ಚರಿಕೆ ಉಳಿಯಲಿಲ್ಲ. ನಾದಿನಿ ಇನ್ನೂ ಒಂದೇ ಒಂದು ಸಾಲಿನ ಮುಂದೆ ಕೂತಿದ್ದಳು. ನನಗೆ ಒಳಗೊಳಗೇ ಖುಷಿ.

ಮರುದಿನ ಅವಳ ಫೋನ್ ಬಂತು. “ಅತ್ತಿಗೆ, ನಿಮ್ ಕೋಡಿಗೆ ಅಪ್ಪಯ್ಯನ ಮಳೆ ಹಾಕಿ ನೋಡಿದ್ರಾ?”

ಅಪ್ಪಯ್ಯ ಎಂದರೆ ನನ್ನ ಮಾವ. ಬೆಳಗ್ಗೆ ಕಾಫಿಗೂ ಮೊದಲು ಮಳೆಮಾಪಕದ ಮುಂದೆ ನಿಲ್ಲುವವರು. ತೋಟದವರ ಮಳೆ ಇಂಚು, ಸೆಂಟಿನಲ್ಲಿ; ನೂರು ಸೆಂಟಿಗೆ ಒಂದು ಇಂಚು. ತಂತ್ರಾಂಶಕ್ಕೆ ಆ ಅಳತೆ ಸೇರಿಸಿದವಳೂ ನಾನೇ. ಮಾವ ಬರೆದಿಟ್ಟ ಮಳೆಯನ್ನೆಲ್ಲ ಹಾಕಿ ನೋಡಿದೆ. ವರ್ಷ ವರ್ಷದ ಸೆಂಟುಗಳನ್ನು ಕೂಡುತ್ತಾ ಹೋದಂತೆ ಮೊತ್ತ ಆ ಸಣ್ಣ ಜಾಗದಲ್ಲಿ ಹಿಡಿಸದೆ ಮಗುಚಿಕೊಂಡು, ನಮ್ಮ ತೋಟಕ್ಕೆ ಮೈನಸ್ ಮಳೆ ಬಿದ್ದಿತ್ತು. ಅವಳು ಕೂತಿದ್ದು ಈ ಮೊತ್ತ ಕೂಡುವ ಸಾಲಿನ ಮುಂದೆಯೇ. ಕಾಸ್ಟ್ ಹಾಕದೆ ಜಾಗವನ್ನೇ ದೊಡ್ಡದು ಮಾಡಿದ್ದಳು.

ಮಾವ ಪರದೆ ನೋಡಿ, “ಇದೆಂಥದು ಮಾರಾಯ್ತಿ, ಮಳೆ ವಾಪಸ್ ಮೇಲೆ ಹೋಯ್ತಾ?” ಎಂದು ನಕ್ಕರು. ಸರಿ ಮಾಡಿದ್ದು ತಮ್ಮ ಮಗಳು ಎಂದು ತಿಳಿದ ಮೇಲಂತೂ ಸಂಜೆಯವರೆಗೂ ಅದೇ ಮಾತು. ನನಗೆ ಮೈಯೆಲ್ಲ ಉರಿಯಿತು.

ಮೇಂಟೇನರ್ ಜಾಗ ಅವಳಿಗೇ ಹೋಯಿತು. ಅವಳು ಮೊದಲು ಎತ್ತಿಕೊಂಡದ್ದು ನನ್ನ ಬದಲಾವಣೆಯನ್ನೇ. ಒಂದೊಂದೇ ಕಾಸ್ಟ್ ಪರೀಕ್ಷಿಸಿ, ತಪ್ಪಿದ್ದನ್ನು ತಿದ್ದಿ ಸೇರಿಸಿದಳು. ಬರೆದವರು ಎನ್ನುವಲ್ಲಿ ನನ್ನ ಹೆಸರೊಂದನ್ನೇ ಉಳಿಸಿದ್ದಳು.

“ಕೆಲಸ ನಿಮ್ದೇ ಅಲ್ವಾ ಅತ್ತಿಗೆ,” ಎಂದಳು.

ಹೆಸರು ಅಳಿಸಿದ್ದರೆ ಒಂದು ಜಗಳವನ್ನಾದರೂ ಆಡಬಹುದಿತ್ತು. ಅದಕ್ಕೂ ದಾರಿ ಬಿಡಲಿಲ್ಲ, ಪುಣ್ಯಾತ್ಗಿತ್ತಿ.