ಹಿಂದಿ ಪೂಜೆಗೆ ಹೊತ್ತು ಹುಡುಕಿದ್ದು

ಗೆಳೆಯರೇ, ಇವತ್ತು ಮೂಡುಬಿದಿರೆ ಸಮೀಪದ ನಮ್ಮ ಚರ್ಚಿನ ಪಾಲನಾ ಮಂಡಳಿ ಸಭೆಯಲ್ಲಿ ಒಂದೇ ವಿಷಯ. ನಮ್ಮ ಮನೆಗಳಲ್ಲಿ ಕೆಲಸಕ್ಕಿರುವ ಜಾರ್ಖಂಡಿನ ಹೆಣ್ಣುಮಕ್ಕಳಿಗಾಗಿ ಭಾನುವಾರ ಹಿಂದಿಯಲ್ಲಿ ಬಲಿಪೂಜೆ ಇಡಬೇಕೆಂದು ಫಾದರ್ ಹೇಳಿದರು. ಆದರೆ ಯಾವ ಹೊತ್ತಿಗೆ?

"ಬೆಳಗ್ಗೆ ನಮ್ಮೊಟ್ಟಿಗೇ ಬರಬಹುದಲ್ಲ?" ಎಂದರು ಒಬ್ಬರು.

"ಹಾಗಾದ್ರೆ ತಿಂಡಿ ಮಾಡುವುದು ಯಾರು ಮಾರಾಯ್ರೇ?" ಎಂದರು ಮಂಡಳಿಯ ಸದಸ್ಯೆ ಲಿಲ್ಲಿ ಬಾಯಿ.

ಹತ್ತಕ್ಕೆ ಕೋಳಿ ಬೇಯಬೇಕು, ಒಂದಕ್ಕೆ ಊಟ ಬಡಿಸಬೇಕು. ಸಂಜೆಯಾದರೆ ಹುಡುಗಿಯರನ್ನು ಕತ್ತಲಲ್ಲಿ ಕಳಿಸುವುದು ಹೇಗೆ?

ಫಾದರ್ ಮೆಲ್ಲಗೆ ಹೇಳಿದರು. "ಲಿಲ್ಲಿ ಬಾಯಿ, ನಿಮ್ಮ ಮನೆಯ ಸುಮನ್ ಬಂದು ಎಂಟು ತಿಂಗಳಾಯ್ತು. ಒಂದು ಸಲವೂ ಪೂಜೆಗೆ ಬಂದು ಪರಮಪ್ರಸಾದ ತೆಗೊಳ್ಳಲಿಕ್ಕೆ ಆಗಿಲ್ಲ ಅಂತ ಮೊನ್ನೆ ಗೇಟಿನ ಹತ್ತಿರ ಅತ್ತಳು."

ಲಿಲ್ಲಿ ಬಾಯಿ ಫಾದರ್ ಕಡೆ ತಿರುಗಿದರು. "ಛೆ, ನನಗೆ ಹೇಳ್ಲೇ ಇಲ್ಲ. ಮೂರು ಗಂಟೆಗೆ ಇಡುವಾ, ಫಾದರ್. ಅಷ್ಟೊತ್ತಿಗೆ ಪಾತ್ರೆ ತೊಳೆದು ಆಗಿರ್ತದೆ. ಆದ್ರೆ ನಾಲ್ಕಕ್ಕೆ ಚಾ ಆಗ್ಬೇಕು. ಪ್ರವಚನ ಬೇಡ."

"ಆಗಲಿ. ಅವರ ಪಾಲಿನ ಪ್ರವಚನವನ್ನೂ ಬೆಳಗ್ಗೆ ನಿಮಗೇ ಕೊಡ್ತೇನೆ."

ನಮ್ಮ ಮಂಡಳಿಯಲ್ಲಿ ಇಷ್ಟು ಬೇಗ, ಇಷ್ಟು ತಲೆ ತಗ್ಗಿಸಿಕೊಂಡು, ಯಾವ ನಿರ್ಣಯವೂ ಅವಿರೋಧವಾಗಿ ಅಂಗೀಕಾರವಾದದ್ದು ನನಗೆ ನೆನಪಿಲ್ಲ.