ಇರುಗ್ವಾ ದ್ವೀಪಕ್ಕೆ ಹೋದ ಕೊಕುಬೆಲ್ವ

ಕಶಂಬ್ಯ ಊರಿನ ಸರೋವರದ ದಡದಲ್ಲಿ ಪ್ರತಿ ಗುರುವಾರ ಮೀನಿನ ಸಂತೆ ಕೂಡುತ್ತದೆ. ಆ ಗುರುವಾರ ಕೊಕುಬೆಲ್ವ ಉಪ್ಪು ಕೊಂಡು ಮನೆಯ ಕಡೆ ತಿರುಗಿದ್ದಳು. ಇರುಗ್ವಾ ದ್ವೀಪದ ದೋಣಿಯಿಂದ ಇಳಿದ ಹೆಂಗಸೊಬ್ಬಳು ಬಟ್ಟೆಯ ಗಂಟೊಂದನ್ನು ಎದೆಗವಚಿಕೊಂಡು, ಚರ್ಚಿನ ಅಯ್ಯನವರ ಮನೆ ಎಲ್ಲಿ ಎಂದು ಕಂಡಕಂಡವರನ್ನು ಕೇಳುತ್ತಿದ್ದಳು. ಅವಳ ಹೆಸರು ನ್ಯಾಮಿಜಿ. ಗಂಟಿನಲ್ಲಿದ್ದದ್ದು ಅವಳ ಎಂಟು ತಿಂಗಳ ಮಗು. ಹಿಂದಿನ ದಿನ ಜ್ವರದಲ್ಲಿ ತೀರಿಕೊಂಡಿತ್ತು.

ಅಯ್ಯನವರು ಊರಲ್ಲಿರಲಿಲ್ಲ. ಕೊಕುಬೆಲ್ವ ಸಭೆಯ ಹಿರಿಯರಲ್ಲಿ ಒಬ್ಬಳು, ಹೆಂಗಸರ ಪ್ರಾರ್ಥನಾ ಕೂಟ ನಡೆಸುವವಳು. ಬೇರೆ ದಾರಿ ಕಾಣದೆ ತಾನೇ ಮುಂದೆ ನಿಂತು ಚರ್ಚಿನ ಹಿಂದೆ ಗುಂಡಿ ತೋಡಿಸಿ, ಬಾಯಿಗೆ ಬಂದ ಪ್ರಾರ್ಥನೆ ಹೇಳಿ ಮಗುವನ್ನು ಮಣ್ಣು ಮಾಡಿಸಿದಳು. ಎಲ್ಲ ಮುಗಿದ ಮೇಲೆ ನ್ಯಾಮಿಜಿ ಅಳಲಿಲ್ಲ. ಕೈಯ ಮಣ್ಣು ಒರೆಸಿಕೊಳ್ಳುತ್ತ ಹೇಳಿದಳು: “ಇದಕ್ಕಾದ್ರೂ ನೀನು ಸಿಕ್ಕಿದೆ. ನಮ್ಮ ದ್ವೀಪದಲ್ಲಿ ನಲವತ್ತು ಜನ ಮರಳಲ್ಲಿ ಮಲಗಿದಾರೆ. ಒಬ್ಬರಿಗೂ ಯಾರೂ ಒಂದು ಮಾತು ಹೇಳಿಲ್ಲ. ಬಾರಕ್ಕ ಅಲ್ಲಿಗೆ.”

ಆ ‘ಬಾರಕ್ಕ’ ಅವಳನ್ನು ಬಿಡಲಿಲ್ಲ. ಬಾಳೆಕಾಯಿ ಸಿಪ್ಪೆ ತೆಗೆಯುವಾಗ, ನೆಲಕ್ಕೆ ಹಸಿ ಹುಲ್ಲು ಹಾಸುವಾಗ, ಬೇರೆ ಏನನ್ನೋ ಯೋಚಿಸುತ್ತಿರುವಾಗಲೇ ಬಂದು ನಿಲ್ಲುತ್ತಿತ್ತು. ಮೊದಮೊದಲು ಅದು ನ್ಯಾಮಿಜಿಯ ದನಿಯೇ ಆಗಿತ್ತು. ತಿಂಗಳೊಪ್ಪತ್ತಿನಲ್ಲಿ ಆ ದನಿ ಕಳಚಿಹೋಗಿ ಕರೆ ಮಾತ್ರ ಉಳಿಯಿತು. ಇದು ದೇವರದೇ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದೇ ತಡ, ಭಯವೂ ಆಯಿತು.

ಭಯಕ್ಕೆ ಕಾರಣ ಮನೆಯೊಳಗೇ ಮಲಗಿತ್ತು. ಅತ್ತೆಗೆ ಲಕ್ವಾ ಹೊಡೆದು ಮೂರು ವರ್ಷ. ಬಲಗಡೆ ಪೂರ್ತಿ ಸತ್ತಿತ್ತು, ಮಾತು ಅರ್ಧಂಬರ್ಧ ಬರುತ್ತಿತ್ತು. ತೊಳೆಯುವುದು, ಮಗ್ಗುಲು ಬದಲಿಸುವುದು, ಬೇಯಿಸಿದ ಬಾಳೆಕಾಯಿ ಹಿಸುಕಿ ತಿನ್ನಿಸುವುದು ಎಲ್ಲ ಕೊಕುಬೆಲ್ವಳದೇ. ಅವಳ ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋಗಿದ್ದರು. ಅತ್ತೆ ಒಂದೊಂದು ದಿನ ತಿನ್ನಿಸಿದ್ದನ್ನು ಸೊಸೆಯ ಮುಖಕ್ಕೇ ಉಗುಳುತ್ತಿದ್ದಳು. ಮಾತು ತಡವರಿಸಿದರೂ ‘ಕಳ್ಳಿ’ ಎಂಬ ಪದ ಮಾತ್ರ ಸ್ಪಷ್ಟವಾಗಿ ಬರುತ್ತಿತ್ತು.

ಗಂಡ ಕತುಂಜಿ ಬಡಗಿ, ಮಿತಭಾಷಿ. ವಿಷಯ ಕೇಳಿ ಕೈಯಲ್ಲಿದ್ದ ಹಲಗೆಯನ್ನು ಬದಿಗಿಟ್ಟ. “ದೇವರು ನಿನಗೆ ಹೇಳಿದ. ಸರಿ. ಈ ಮನೇಲಿ ನಾನೂ ಇದೀನಲ್ಲ, ನನಗ್ಯಾಕೆ ಹೇಳ್ಲಿಲ್ಲ?” ಎಂದ.

ಅಯ್ಯನವರ ಪ್ರಶ್ನೆ ಇನ್ನೂ ಹರಿತವಾಗಿತ್ತು. ಕಗಾರುಕಿ ಅಯ್ಯನವರು ಅವಸರದ ಮನುಷ್ಯರಲ್ಲ. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಅಗಿಯಲು ಒಣಗಿಸಿದ ಕಾಫಿ ಬೀಜ ಅವಳ ಮುಂದೆ ಸರಿಸಿ ಹೇಳಿದರು: “ಬೇಜಾರು ಮಾಡ್ಕೋಬೇಡಮ್ಮ. ನಿನ್ನ ಕರೀತಿರೋದು ದೇವರಾ, ಇಲ್ಲಾ ಆ ಹಾಸಿಗೆ ಬಿಟ್ಟು ಓಡೋ ಆಸೆನಾ?”

ಕೊಕುಬೆಲ್ವ ಒಂದು ಬೀಜ ಎತ್ತಿಕೊಂಡಳು. “ಎರಡೂ ಇರಬಹುದು ಅಯ್ಯನವರೇ. ಬಿಡಿಸಿ ನೋಡೋಕೆ ನನ್ನ ಕೈಲಿ ಆಗ್ತಿಲ್ಲ.”

ಒಂದು ವರ್ಷ ಕಾದು ನೋಡು ಎಂದರು ಅಯ್ಯನವರು. ಅವಳು ಕಾದಳು. ಅತ್ತೆಯ ಚಾಕರಿಯನ್ನು ಮೊದಲಿಗಿಂತ ಹೆಚ್ಚು ಶ್ರದ್ಧೆಯಿಂದ ಮಾಡಿದಳು. ಕರೆ ಸುಳ್ಳಾಗಿದ್ದರೆ ಹಾಗಾದರೂ ಅಡಗಲಿ ಎಂಬ ಎಣಿಕೆ. ಅಡಗಲಿಲ್ಲ. ದೋಣಿಯವರ ಮೂಲಕ ನ್ಯಾಮಿಜಿಯ ಸುದ್ದಿ ಬರುತ್ತಿತ್ತು: ಇನ್ನೊಬ್ಬರು ತೀರಿಹೋದರು, ಇನ್ನಿಬ್ಬರು ಹೋದರು. ವರ್ಷ ತುಂಬಿದ ಮೇಲೆ ಸಭೆಯವರು ಮೂರು ವಾರಕ್ಕೆ ಒಪ್ಪಿಗೆ ಕೊಟ್ಟರು. ಅಷ್ಟು ದಿನ ಅತ್ತೆಯನ್ನು ನೋಡಿಕೊಳ್ಳಲು ನಾದಿನಿ ಪೆಲಾಜಿಯ ಬಂದು ಉಳಿದಳು. ಹೊರಡುವ ಬೆಳಿಗ್ಗೆ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೋಗಿ ಬರುತ್ತೇನೆ ಎಂದಿದ್ದಕ್ಕೆ ತಿರುಗಲಿಲ್ಲ.

ಇರುಗ್ವಾದಲ್ಲಿ ರಾತ್ರಿಯೆಲ್ಲ ಮೀನು ಹಿಡಿದ ಗಂಡಸರು ಹಗಲೆಲ್ಲ ನಿದ್ದೆ ಹೋಗುತ್ತಾರೆ, ಹೆಂಗಸರು ಸಣ್ಣ ಮೀನನ್ನು ಒಣಗಲು ಮರಳಿನ ಮೇಲೆ ಹರವಿ ಕಾಯುತ್ತಾರೆ. ಕೊಕುಬೆಲ್ವ ಅವರ ಪಕ್ಕದಲ್ಲೇ ಕುಳಿತು ಮೀನು ಮಗುಚತೊಡಗಿದಳು. ಹೆಂಡದಂಗಡಿಯ ಹೆಂಗಸು ಮೊದಲ ದಿನವೇ ಕೆಣಕಿದಳು: “ಮೀನು ಕೊಳ್ಳೋಕೆ ಬಂದ್ಯೋ, ನಮ್ಮನ್ನೇ ಕೊಳ್ಳೋಕೆ ಬಂದ್ಯೋ ತಾಯಿ?” ಸುತ್ತಲಿದ್ದವರು ನಕ್ಕರು. ಕೊಕುಬೆಲ್ವಳೂ ನಕ್ಕಳು. ಐದಾರು ದಿನ ಕಳೆದ ಮೇಲೆ ಅದೇ ಹೆಂಗಸು ಅವಳನ್ನು ದಿಬ್ಬದ ಹಿಂದಕ್ಕೆ ಕರೆದುಕೊಂಡು ಹೋದಳು. ಮರಳಿನಲ್ಲಿ ಸಾಲಾಗಿ ಕಲ್ಲುಗಳಿದ್ದವು. ಒಂದೊಂದರ ಮುಂದೆಯೂ ಯಾರಾದರೊಬ್ಬರು ಬಂದು ಹೆಸರು ಹೇಳಿದರು. ಕೆಲವಕ್ಕೆ ಹೆಸರಿರಲಿಲ್ಲ. ‘ಅಡುಗೆಯವನು, ಎಲ್ಲಿಂದಲೋ ಬಂದಿದ್ದ’ ಎಂದಷ್ಟೇ ಗೊತ್ತಿತ್ತು. ಎರಡು ಮಧ್ಯಾಹ್ನ ಹಿಡಿಯಿತು. ಒಬ್ಬರನ್ನೂ ಬಿಡದೆ ಅವಳು ಪ್ರಾರ್ಥಿಸಿದಳು.

ಅಷ್ಟು ಸಂತೋಷ ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮುಂದೆ ಅವಳನ್ನು ಹೆಚ್ಚು ಸುಟ್ಟದ್ದೂ ಆ ಸಂತೋಷವೇ.

ಎರಡನೆಯ ವಾರ ಗಾಳಿ ಎದ್ದು ದೋಣಿಗಳು ನಾಲ್ಕು ದಿನ ದಡ ಬಿಡಲಿಲ್ಲ. ಗಾಳಿ ತಗ್ಗಿದ ಮೇಲೆ ಬಂದ ಮೊದಲ ದೋಣಿಯಲ್ಲೇ ಸುದ್ದಿ ಇತ್ತು. ಅತ್ತೆ ಭಾನುವಾರ ತೀರಿಕೊಂಡಿದ್ದಳು, ಮಂಗಳವಾರ ಬಾಳೆತೋಟದಲ್ಲಿ ಮಾವನ ಪಕ್ಕಕ್ಕೆ ಮಣ್ಣು ಮಾಡಿದ್ದರು. ಕೊಕುಬೆಲ್ವ ಮನೆ ಮುಟ್ಟಿದ್ದು ಗುರುವಾರ. ಅಂಗಳದ ತುಂಬ ಹೆಂಗಸರು ಕುಳಿತಿದ್ದರು, ಯಾರೂ ಸರಿದು ಜಾಗ ಕೊಡಲಿಲ್ಲ. ಪೆಲಾಜಿಯ ಎದ್ದು ನಿಂತಳು. ದನಿ ಎತ್ತರಿಸಲಿಲ್ಲ.

“ಅತ್ತಿಗೆ, ಅವ್ವ ಮೂರು ದಿನ ನಿನ್ನ ಹೆಸರು ಹಿಡಿದು ಕರೀತು. ನಾನು ನೀರು ಕೊಟ್ರೆ ಬಾಯಿ ಬಿಗಿ ಹಿಡೀತು, ನಿನ್ನ ಕೈಯಿಂದಲೇ ಬೇಕು ಅಂತು. ದೇವರು ಸರೋವರದ ಆಚೆಯಿಂದ ಕರೆದದ್ದು ನಿನಗೆ ಕೇಳಿಸ್ತು. ಇದು ಕೇಳಿಸಲಿಲ್ಲ.”

ಕಳ್ಳಿ ಎಂದು ಬೈಯುತ್ತಿದ್ದ ಆ ಬಾಯಿ ತನ್ನ ಹೆಸರು ಕರೆಯಿತು ಎಂಬುದನ್ನು ಕೊಕುಬೆಲ್ವಳಿಗೆ ನಂಬಲೂ ಆಗಲಿಲ್ಲ, ನಂಬದಿರಲೂ ಆಗಲಿಲ್ಲ.

ಕತುಂಜಿ ಬೈಯಲಿಲ್ಲ, ಹೊಡೆಯಲಿಲ್ಲ. ಊಟಕ್ಕೆ ಬಾ, ಹಲಗೆ ಹಿಡಿ, ಬಾಗಿಲು ಹಾಕು, ಅಷ್ಟರ ಹೊರತು ನಾಲ್ಕು ತಿಂಗಳು ಮಾತಾಡಲಿಲ್ಲ. ಅವಳು ಸಭೆಯ ಹಿರಿತನ ಬಿಟ್ಟಳು. ಭಾನುವಾರ ಚರ್ಚಿನಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ತಾನು ಕೇಳಿದ್ದು ನಿಜವಾಗಿತ್ತೇ ಎಂದು ಒಂದೇ ಒಂದು ಮಾತು ಹೇಳು ಎಂದು ದೇವರನ್ನು ಬೇಡಿಕೊಂಡಳು. ಏನೂ ಬರಲಿಲ್ಲ. ವರ್ಷಕ್ಕೂ ಮೇಲೆ ಬೆನ್ನು ಬಿಡದಿದ್ದ ಆ ಕರೆಯೂ ನಿಂತುಹೋಗಿತ್ತು. ಕಗಾರುಕಿ ಅಯ್ಯನವರು ಒಮ್ಮೆ ಬಂದು, ಇನ್ನು ಮೇಲೆ ನಿನ್ನನ್ನು ಅಲ್ಲಿಗೆ ಹೋಗು ಎಂದು ಯಾರೂ ಹೇಳುವುದಿಲ್ಲ, ನೆಮ್ಮದಿಯಾಗಿರು ಎಂದು ಸಮಾಧಾನ ಹೇಳಿದರು. ಅವಳಿಗೆ ನೆಮ್ಮದಿ ಆಗಲಿಲ್ಲ.

ನ್ಯಾಮಿಜಿಯೇ ಒಂದು ದಿನ ದುಃಖ ಕೇಳಲು ಬಂದಳು. ಎರಡು ದಿನ ಇದ್ದು ಅಂಗಳ ಗುಡಿಸಿದಳು, ನೀರು ತಂದಳು, ನೆಲದ ಹಳೆ ಹುಲ್ಲು ತೆಗೆದು ಹೊಸದು ಹಾಸಿದಳು. ದ್ವೀಪದ ಸುದ್ದಿ ಎತ್ತಲಿಲ್ಲ. ಹೊರಟಾಗ ದಡದಲ್ಲಿ, “ಬಾ ಅಂತ ನಾನು ಹೇಳಲ್ಲಕ್ಕ. ಒಂದ್ಸಲ ಹೇಳಿ ನಿನ್ನ ಮನೆ ಕೆಡಿಸಿದೀನಿ” ಎಂದಳು. ಅಲ್ಲಿ ಯಾರಾದರೂ ತೀರಿಹೋದರಾ ಎಂದು ಕೊಕುಬೆಲ್ವಳೇ ಕೇಳಿದಳು. ಮೂವರು, ಎಂದಳು ನ್ಯಾಮಿಜಿ. ಅದರಲ್ಲಿ ಒಬ್ಬಳು ಆ ಹೆಂಡದಂಗಡಿಯ ಹೆಂಗಸು.

ಮನೆಗೆ ಬಂದು ಕೊಕುಬೆಲ್ವ ಗಂಡನ ಎದುರು ನಿಂತಳು. “ನಾನು ಹೋಗ್ತೀನಿ” ಎಂದಳು.

ಕತುಂಜಿ ತಲೆ ಎತ್ತಿದ. “ಮತ್ತೆ ದೇವರು ಹೇಳಿದ್ನಾ?”

“ಇಲ್ಲ. ಈ ಸಲ ಏನೂ ಕೇಳಿಸಿಲ್ಲ. ಅವತ್ತು ಕರೆದದ್ದಕ್ಕೆ ಅರ್ಧ ಉತ್ತರ ಕೊಟ್ಟು ಬಂದಿದೀನಿ. ಅವ್ವಂಗೆ ಅದೂ ಕೊಡಲಿಲ್ಲ. ಅವ್ವನ ಹತ್ತಿರ ಇನ್ನು ಹೋಗೋಕಾಗಲ್ಲ. ಅಲ್ಲಿಗೆ ಹೋಗಬಹುದು.”

ಅವನು ಬೇಡ ಎನ್ನಲಿಲ್ಲ. ಕಳಿಸಿಕೊಡಲು ದಡಕ್ಕೂ ಬರಲಿಲ್ಲ.

ಅದಾಗಿ ಆರು ವರ್ಷವಾಯಿತು. ಸಭೆಯವರು ಎರಡನೆಯ ವರ್ಷ ಅವಳನ್ನು ದೇವರ ಮಾತು ಸಾರುವ ಸುವಾರ್ತಿಕಳೆಂದು ನೇಮಿಸಿದರು. ಅಷ್ಟರಲ್ಲಿ ದ್ವೀಪದವರು ತಗಡಿನ ಪ್ರಾರ್ಥನಾ ಮನೆಯೊಂದನ್ನು ಎಬ್ಬಿಸಿದ್ದರು. ಮೂರನೆಯ ವರ್ಷ ಕತುಂಜಿ ಹೇಳದೆ ಕೇಳದೆ ದೋಣಿಯಲ್ಲಿ ಹಲಗೆ ಹೇರಿಕೊಂಡು ಬಂದ. ನಾಲ್ಕು ದಿನ ಇದ್ದು ಆರು ಬೆಂಚು ಮಾಡಿಕೊಟ್ಟ. ಪ್ರಾರ್ಥನೆಯ ಹೊತ್ತಿಗೆ ಉಳಿ ಕೆಳಗಿಟ್ಟು ಎದ್ದು ಹೋಗಿ ದೋಣಿಗಳ ಹತ್ತಿರ ಕುಳಿತ. ಈಗ ವರ್ಷಕ್ಕೆರಡು ಸಲ ಬರುತ್ತಾನೆ. ಕ್ಷಮಿಸಿದ್ದಾನೋ ಇಲ್ಲವೋ ಅವನು ಹೇಳಿಲ್ಲ, ಅವಳು ಕೇಳಿಲ್ಲ. ಪೆಲಾಜಿಯ ಇಂದಿಗೂ ಮಾತಾಡುವುದಿಲ್ಲ.

ಕೊಕುಬೆಲ್ವಳಿಗೆ ಈಗ ಐವತ್ತಮೂರು. ಮರಳಿನಲ್ಲಿ ನಡೆದು ನಡೆದು ಮಂಡಿ ಸವೆದಿದೆ. ಊರಿಗೆ ಮರಳಿ ಬಂದು ಹೊಸ ಸುವಾರ್ತಿಕರಿಗೆ ಕಲಿಸುವ ಕೆಲಸ ವಹಿಸಿಕೊಳ್ಳಬಹುದು ಎಂದು ಕಗಾರುಕಿ ಅಯ್ಯನವರು ಕಳೆದ ತಿಂಗಳು ಪತ್ರ ಬರೆದಿದ್ದಾರೆ. ಅದನ್ನು ಅವಳು ಮೂರು ಸಲ ಓದಿ ಮಡಿಸಿಟ್ಟಿದ್ದಾಳೆ. ಆ ವಿಷಯವಾಗಿ ಇನ್ನೂ ಪ್ರಾರ್ಥನೆ ಮಾಡಿಲ್ಲ. ಮಾಡಿದರೆ ಏನು ಕೇಳಿಸೀತೋ ಎಂಬ ಹೆದರಿಕೆ.